1911 ಪಿಸ್ತೂಲು: ಯಾವ ಕಂಪನಿಯದು ಕೊಳ್ಳಬೇಕು?

ಅಮೆರಿಕದಲ್ಲಿ ಸ್ವಲ್ಪ ದೊಡ್ಡದಾದ ಯಾವ ಗನ್ ಅಂಗಡಿಗೆ ಹೋದರೂ ಗಾಜಿನ ಕಪಾಟಿನೊಳಗೆ 1911 ಪಿಸ್ತೂಲುಗಳು ಸಾಲಾಗಿ ಮಲಗಿರುತ್ತವೆ. ದೂರದಿಂದ ನೋಡಿದರೆ ಎಲ್ಲ ಒಂದೇ ತರ. ಒಂದರ ಚೀಟಿಯಲ್ಲಿ 450 ಡಾಲರ್, ಪಕ್ಕದ್ದರಲ್ಲಿ 1,000, ಕೊನೆಯದ್ದರಲ್ಲಿ 3,500. "ಡಿಸೈನ್ ಒಂದೇ ಅಲ್ವಾ, ಮತ್ಯಾಕೆ ಇಷ್ಟು ವ್ಯತ್ಯಾಸ?" ಅಂತ ಡಲ್ಲಾಸ್ ಕಡೆಯ ಕನ್ನಡದ ಗೆಳೆಯರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳಿ ಅರ್ಧ ಮರೆಯುತ್ತೇನೆ. ಅದಕ್ಕೇ ಈ ಸಲ ಕೂತು ಬರೆದಿದ್ದೇನೆ.

ಡಿಸೈನ್ ಒಂದೇ ಅನ್ನುವುದು ನಿಜ. ಯೂಟಾ ರಾಜ್ಯದ ಜಾನ್ ಮೋಸಸ್ ಬ್ರೌನಿಂಗ್ ರೂಪಿಸಿದ ಈ ಪಿಸ್ತೂಲನ್ನು ಅಮೆರಿಕದ ಸೇನೆ 1911ರ ಮಾರ್ಚ್ 29ರಂದು ಒಪ್ಪಿಕೊಂಡಿತು. 1985ರಲ್ಲಿ ಇಟಲಿಯ ಬೆರೆಟ್ಟಾ ಪಿಸ್ತೂಲು ಬರುವವರೆಗೂ ಸೈನಿಕರ ಸೊಂಟದಲ್ಲಿ ಇದೇ ಇತ್ತು. ಪೇಟೆಂಟ್ ಮುಗಿದು ಎಷ್ಟೋ ಕಾಲವಾಯಿತು, ಈಗ ಯಾರು ಬೇಕಾದರೂ ಮಾಡಬಹುದು. ಹಾಗೆ ನೋಡಿದರೆ ಬೇರೆಯವರು ಮಾಡುವುದು ಹೊಸದೇನೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ್ಯಾಂಡ್, ರೈಲ್ವೆ ಸಿಗ್ನಲ್ ಮಾಡುತ್ತಿದ್ದ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಇದನ್ನು ತಯಾರಿಸಿದವು. ನಮ್ಮ ಅಜ್ಜಿಯರ ಮನೆಯ ಹೊಲಿಗೆ ಮಿಷನ್ ಮೇಲೆ ಇರುತ್ತಿತ್ತಲ್ಲ, ಅದೇ ಸಿಂಗರ್ ಕಂಪನಿಯೂ 500 ಪಿಸ್ತೂಲು ಮಾಡಿಕೊಟ್ಟಿತು.

ವ್ಯತ್ಯಾಸ ಇರುವುದು ನಕ್ಷೆಯಲ್ಲಲ್ಲ. ಬಿಡಿಭಾಗಗಳನ್ನು ಹೇಗೆ ಮಾಡಿದ್ದಾರೆ, ಯಾರು ಕೂತು ಕೂಡಿಸಿದ್ದಾರೆ ಅನ್ನುವುದರಲ್ಲಿ. ಸ್ಲೈಡಿನ (ಹೊಡೆದಾಗಲೆಲ್ಲ ಹಿಂದೆ ಮುಂದೆ ಓಡುವ ಮೇಲಿನ ಭಾಗ) ಮೇಲಿನ ಹೆಸರು ಅದರ ಅರ್ಧ ಕಥೆ ಹೇಳುತ್ತದೆ. ಉಳಿದರ್ಧವನ್ನು ಕೈಯಲ್ಲಿರುವ ಆ ಒಂದು ಪಿಸ್ತೂಲನ್ನೇ ಕೇಳಬೇಕು. ಹೇಗೆ ಕೇಳುವುದು ಅಂತ ಮುಂದೆ ಹೇಳುತ್ತೇನೆ.

ಮೊದಲು ನಿಮಗೆ ಕೊಳ್ಳುವ ಹಕ್ಕು ಇದೆಯಾ ನೋಡಿಕೊಳ್ಳಿ

ನಮ್ಮವರಲ್ಲಿ ಜಾಸ್ತಿ ಜನಕ್ಕೆ ಇದು ಗೊತ್ತಿಲ್ಲ. ಎಚ್-1ಬಿ, ಎಲ್-1, ಎಫ್-1, ಎಚ್-4 ತರದ ವೀಸಾದಲ್ಲಿ ಇರುವವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವಂತಿಲ್ಲ. ಇದು ಫೆಡರಲ್ ಕಾನೂನು, ಯಾವ ರಾಜ್ಯದಲ್ಲಿದ್ದರೂ ಅನ್ವಯಿಸುತ್ತದೆ. ಹಂಟಿಂಗ್ ಲೈಸೆನ್ಸ್ ಇದ್ದರೆ ಅಂತ ಕೆಲವು ವಿನಾಯಿತಿಗಳಿವೆ. ಅದನ್ನು ನಂಬಿ ಹೊರಡುವ ಮುಂಚೆ ವಕೀಲರನ್ನು ಕೇಳಿ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ಪಡೆದು ಹೊಡೆಯುವುದಕ್ಕೂ ಇದೇ ನಿಯಮ. ತಪ್ಪಿದರೆ ವೀಸಾ ಅಷ್ಟೇ ಅಲ್ಲ, ಬದುಕೇ ಕೆಡುತ್ತದೆ. ಗ್ರೀನ್ ಕಾರ್ಡ್ ಇದ್ದವರು ಮತ್ತು ನಾಗರಿಕರು ಕೊಳ್ಳಬಹುದು.

ಲೈಸೆನ್ಸ್ ಇರುವ ಡೀಲರ್‌ನಿಂದ ಪಿಸ್ತೂಲು ಕೊಳ್ಳಲು 21 ವರ್ಷ ಆಗಿರಬೇಕು, ನೀವು ವಾಸವಿರುವ ರಾಜ್ಯದಲ್ಲೇ ಕೊಳ್ಳಬೇಕು. 4473 ನಂಬರಿನ ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ. "ಗೆಳೆಯನಿಗೆ ಸಿಗಲ್ಲ, ನನ್ನ ಹೆಸರಲ್ಲಿ ತಗೊಂಡು ಕೊಡ್ತೀನಿ" ಅಂತ ಯಾರಾದರೂ ಅಂದರೆ ಅಲ್ಲೇ ತಡೆಯಿರಿ. ಅದು ದೊಡ್ಡ ಅಪರಾಧ. ಇನ್ನು ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯವರು ಮಾರಬಹುದಾದ ಪಿಸ್ತೂಲುಗಳ ಪಟ್ಟಿಯೇ ಬೇರೆ ಇದೆ, ಹತ್ತು ದಿನ ಕಾಯಬೇಕು. ಅಲ್ಲಿರುವವರು ಈ ಲೇಖನಕ್ಕಿಂತ ಮೊದಲು ಆ ಪಟ್ಟಿ ನೋಡಿ.

ಯಾಕೆ ಬೇಕು ಅಂತ ನಿಮಗೆ ನೀವೇ ಹೇಳಿಕೊಳ್ಳಿ

ವಾರಕ್ಕೊಮ್ಮೆ ರೇಂಜಿಗೆ ಹೋಗಿ ಕಾಗದದ ಗುರಿಗೆ ಹೊಡೆಯುವುದಕ್ಕಾ? ಸ್ಪರ್ಧೆಗಾ? ಮನೆಯ ರಕ್ಷಣೆಗಾ? ಇಲ್ಲಾ, ಇತಿಹಾಸ ಇಷ್ಟ, ಹಳೆ ಕಾಲದ ಪಿಸ್ತೂಲು ಒಂದು ಇರಲಿ ಅಂತಲಾ? ನಾಲ್ಕಕ್ಕೂ ಉತ್ತರ ಬೇರೆ ಬೇರೆ. ಇತಿಹಾಸಕ್ಕೆ ಅಂತ ಕೊಳ್ಳುವವರಿಗೆ ಚಿಕ್ಕ ಸೈಟು (ಗುರಿ ನೋಡುವ ಗುರುತು), ಅಲಂಕಾರ ಇಲ್ಲದ ಸೈನ್ಯದ ಮಾದರಿಯೇ ಚೆನ್ನ. ಗುರಿ ಹೊಡೆಯುವವರಿಗೆ ಅದೇ ಚಿಕ್ಕ ಸೈಟು ಅರ್ಧ ಗಂಟೆಯಲ್ಲಿ ಬೇಜಾರು ತರಿಸುತ್ತದೆ, ನಲವತ್ತು ದಾಟಿದ ಕಣ್ಣಿಗೆ ಅದು ಕಾಣುವುದೇ ಕಷ್ಟ. ದಪ್ಪ ಕೈಯವರಿಗೆ ಹಳೆಯ ಮಾದರಿಯ ಹ್ಯಾಮರ್ (ಹಿಂದೆ ಇರುವ, ಪಿನ್ನನ್ನು ಬಡಿಯುವ ಸುತ್ತಿಗೆ) ಹೆಬ್ಬೆರಳಿನ ಬುಡದ ಚರ್ಮವನ್ನು ಕಚ್ಚುತ್ತದೆ. ಅಂಥವರು ಹಿಂದೆ ಅಗಲವಾಗಿ ಬಾಗಿರುವ ಬೀವರ್‌ಟೇಲ್ ಗ್ರಿಪ್ ಸೇಫ್ಟಿ (ಅಂಗೈ ಹಿಡಿಯನ್ನು ಒತ್ತಿದಾಗ ಮಾತ್ರ ಗುಂಡು ಹಾರಲು ಬಿಡುವ ತಡೆ) ಇರುವುದನ್ನೇ ನೋಡಬೇಕು.

ಅಳತೆ ಮತ್ತು ಗುಂಡು

ಬ್ರೌನಿಂಗ್ ಇದನ್ನು ಮಾಡಿದ್ದು 5 ಇಂಚಿನ ಬ್ಯಾರೆಲ್‌ಗೆ, ಪಾಯಿಂಟ್ 45 ಎಸಿಪಿ ಅನ್ನುವ ದಪ್ಪ ಗುಂಡಿಗೆ. ಪೂರ್ತಿ ಉಕ್ಕಿನದಾದರೆ ಖಾಲಿ ತೂಕ ಸುಮಾರು 1.1 ಕೆಜಿ. ಕಮಾಂಡರ್ ಅನ್ನುವ ಅಳತೆಗೆ 4.25 ಇಂಚು ಬ್ಯಾರೆಲ್. ಅದಕ್ಕಿಂತ ಗಿಡ್ಡ 3.5 ಇಂಚಿನವು, 3 ಇಂಚಿನವೂ ಸಿಗುತ್ತವೆ.

ಮೊದಲ 1911 ಆಗಿ 3 ಇಂಚಿನದನ್ನು ದಯವಿಟ್ಟು ಕೊಳ್ಳಬೇಡಿ. ನಾನು ಕೊಂಡಿದ್ದೆ. ಹೆಸರಾಂತ ಕಂಪನಿಯದು, ನೋಡಲು ಒಡವೆ ತರ ಇತ್ತು. ಮೊದಲ ದಿನವೇ ನಾಲ್ಕೈದು ಗುಂಡಿಗೊಮ್ಮೆ ಸಿಕ್ಕಿಹಾಕಿಕೊಂಡಿತು. ಎರಡು ಸಲ ಕಾರ್ಖಾನೆಗೆ ವಾಪಸ್ ಕಳಿಸಿದೆ, ಪೂರ್ತಿ ಸರಿಹೋಗಲಿಲ್ಲ. ಆಮೇಲೆ ಅರ್ಥವಾಯಿತು. ಸ್ಲೈಡ್ ಗಿಡ್ಡವಾದಷ್ಟೂ ಅದು ಹಿಂದೆ ಹೋಗಿ ಮುಂದೆ ಬರುವ ದಾರಿ ಕಮ್ಮಿ. ಮ್ಯಾಗಜಿನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) ಮುಂದಿನ ಗುಂಡನ್ನು ಮೇಲೆತ್ತಲು ಸಿಗುವ ಸಮಯ ಕಮ್ಮಿ. ಸ್ಪ್ರಿಂಗ್ ಬಿಗಿ, ಮತ್ತು ಅದು ಬೇಗ ಸವೆಯುತ್ತದೆ. 5 ಇಂಚಿನದರಲ್ಲಿ ಸಣ್ಣ ತಪ್ಪು ಇದ್ದರೂ ನಡೆದುಹೋಗುತ್ತದೆ, 3 ಇಂಚಿನದು ಏನನ್ನೂ ಕ್ಷಮಿಸುವುದಿಲ್ಲ.

9 ಎಂಎಂ ತಗೋಬಹುದಾ? ಧಾರಾಳವಾಗಿ. ಗುಂಡು ಅಗ್ಗ, ಒದೆತ ಕಮ್ಮಿ, ಹೊಸಬರು ಬೇಗ ಕಲಿಯುತ್ತಾರೆ. ಒಂದು ಮಾತು ಮಾತ್ರ ನೆನಪಿರಲಿ. ಈ ಪಿಸ್ತೂಲಿನ ಹೊಟ್ಟೆ ಉದ್ದದ ಗುಂಡಿಗೆ ಮಾಡಿದ್ದು. 9 ಎಂಎಂ ಗುಂಡು ಗಿಡ್ಡ, ಅದಕ್ಕೆ ಹೊಂದುವ ಹಾಗೆ ಮ್ಯಾಗಜಿನ್ ಒಳಗೆ ಜಾಗ ತುಂಬಿಸಿರುತ್ತಾರೆ. ಹಾಗಾಗಿ 9 ಎಂಎಂ 1911ರಲ್ಲಿ ಮ್ಯಾಗಜಿನ್ ವಿಷಯಕ್ಕೆ ಜುಗ್ಗತನ ಮಾಡಬೇಡಿ.

ಒಳಗೆ ಏನಿದೆ

ಕಂಪನಿ ಹೆಸರಿಗಿಂತ ಮೊದಲು ಮೂರು ವಿಷಯ ತಿಳಿದಿರಬೇಕು.

ಫ್ರೇಮ್ (ಹಿಡಿ ಇರುವ ಕೆಳಗಿನ ಮೈ) ಮತ್ತು ಸ್ಲೈಡನ್ನು ಕಾಯಿಸಿ ಬಡಿದು ಮಾಡಿದ್ದಾರಾ, ಎರಕ ಹೊಯ್ದಿದ್ದಾರಾ, ಇಡೀ ಉಕ್ಕಿನ ಗಟ್ಟಿಯಿಂದ ಕೊರೆದಿದ್ದಾರಾ ಅನ್ನುವುದು ಮೊದಲನೆಯದು. ಬಡಿದು ಮಾಡಿದ್ದೇ ಶ್ರೇಷ್ಠ ಅಂತ ಹೇಳುವವರು ಜಾಸ್ತಿ. ಆದರೆ ಒಳ್ಳೆಯ ಎರಕ ಕೂಡ ನೀವು ಜೀವಮಾನದಲ್ಲಿ ಹೊಡೆಯುವ ಗುಂಡುಗಳಿಗೆ ಸಾಕು. ಇದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಎರಡನೆಯದು ಸಣ್ಣ ಭಾಗಗಳು: ಹ್ಯಾಮರ್, ಸಿಯರ್ (ಎತ್ತಿದ ಹ್ಯಾಮರನ್ನು ಹಿಡಿದಿಡುವ ಕೊಕ್ಕೆ), ಥಂಬ್ ಸೇಫ್ಟಿ (ಹೆಬ್ಬೆರಳಿಂದ ಹಾಕಿ ತೆಗೆಯುವ ತಡೆ). ಸಾವಿರ ಡಾಲರ್ ಒಳಗಿನ ಹೆಚ್ಚಿನ ಪಿಸ್ತೂಲುಗಳಲ್ಲಿ ಇವು ಎಂಐಎಂ, ಅಂದರೆ ಲೋಹದ ಪುಡಿಯನ್ನು ಅಚ್ಚಿಗೆ ಒತ್ತಿ ಕಾಯಿಸಿ ಮಾಡಿದವು. ಚೆನ್ನಾಗಿ ಮಾಡಿದರೆ ತೊಂದರೆ ಇಲ್ಲ. ಬೆಲೆ ಮೇಲೆ ಹೋದ ಹಾಗೆ ಗಟ್ಟಿ ಉಕ್ಕಿನಿಂದ ಕೊರೆದ ಭಾಗಗಳು ಬರುತ್ತವೆ.

ಮೂರನೆಯದು ಫೈರಿಂಗ್ ಪಿನ್ (ಗುಂಡಿನ ಬುಡಕ್ಕೆ ಬಡಿದು ಸಿಡಿಸುವ ಕಡ್ಡಿ) ತಡೆ. ಪಿಸ್ತೂಲು ಕೈಜಾರಿ ಮೂತಿ ಕೆಳಗಾಗಿ ಬಿದ್ದರೆ ಪಿನ್ ತಾನೇ ಮುಂದೆ ಚಿಮ್ಮಿ ಗುಂಡು ಹಾರಬಾರದು ಅಂತ ಇರುವ ವ್ಯವಸ್ಥೆ. ಕೋಲ್ಟ್ 1983ರಲ್ಲಿ ತಂದ ಸೀರೀಸ್ 80ರಲ್ಲಿ ಟ್ರಿಗರ್ ಎಳೆದಾಗ ಸಣ್ಣ ಸನ್ನೆಕೋಲುಗಳು ಈ ತಡೆಯನ್ನು ಎತ್ತುತ್ತವೆ. ಸೀರೀಸ್ 70 ಅಂತ ಇವತ್ತು ಕರೆಯುವುದರಲ್ಲಿ ಈ ತಡೆ ಇಲ್ಲ. ಟ್ರಿಗರ್ ಸ್ವಲ್ಪ ನಯ, ಬಿಚ್ಚಿ ಜೋಡಿಸುವುದು ಸುಲಭ. ರುಗರ್ ಮತ್ತು ಸ್ಪ್ರಿಂಗ್‌ಫೀಲ್ಡ್ ನಡುವಿನ ದಾರಿ ಹಿಡಿದಿವೆ: ತಡೆ ಇಡದೆ, ಪಿನ್ನನ್ನೇ ಟೈಟಾನಿಯಂನಿಂದ ಹಗುರ ಮಾಡಿವೆ. ಹಗುರ ಪಿನ್‌ಗೆ ಚಿಮ್ಮುವ ಬಲ ಕಮ್ಮಿ. ಕಿಂಬರ್‌ನ ಸೀರೀಸ್ 2 ಮತ್ತು ಸ್ಮಿತ್ ಅಂಡ್ ವೆಸನ್‌ನಲ್ಲಿ ತಡೆಯನ್ನು ಎತ್ತುವುದು ಟ್ರಿಗರ್ ಅಲ್ಲ, ಗ್ರಿಪ್ ಸೇಫ್ಟಿ. ಇವುಗಳನ್ನು ಬಿಚ್ಚಿ ಸ್ಲೈಡ್ ವಾಪಸ್ ಹಾಕುವಾಗ ಗ್ರಿಪ್ ಸೇಫ್ಟಿಯನ್ನು ಒತ್ತಬೇಡಿ. ಒತ್ತಿದರೆ ಒಳಗಿನ ಸಣ್ಣ ಭಾಗ ಕೆಡುತ್ತದೆ.

ಈಗ ಕಂಪನಿಗಳು

ಬೆಲೆಯಲ್ಲಿ ಕೆಳಗಿನಿಂದ ಮೇಲೆ ಹೋಗೋಣ. ಬೆಲೆಗಳೆಲ್ಲ ಅಂದಾಜು.

400ರಿಂದ 600 ಡಾಲರ್ ಒಳಗೆ ಇಬ್ಬರು ಮುಖ್ಯರು. ಫಿಲಿಪೀನ್ಸ್‌ನ ಆರ್ಮ್‌ಸ್ಕೋರ್ ಕಂಪನಿಯ ರಾಕ್ ಐಲ್ಯಾಂಡ್, ಟರ್ಕಿಯ ಟಿಸಾಸ್. ರಾಕ್ ಐಲ್ಯಾಂಡ್‌ನ ಫ್ರೇಮ್ ಎರಕದ್ದು. ಮೈ ಒರಟು, ಒಳಗೆ ಅಲ್ಲಲ್ಲಿ ಉಪಕರಣದ ಗೀರು ಕಾಣುತ್ತದೆ, ಆದರೆ ಹೊಡೆಯುತ್ತದೆ. ಟಿಸಾಸ್ ಫ್ರೇಮ್ ಮತ್ತು ಸ್ಲೈಡ್ ಎರಡನ್ನೂ ಬಡಿದು ಮಾಡುತ್ತದೆ. ಈ ಬೆಲೆಗೆ ಅದು ದೊಡ್ಡ ವಿಷಯ. ಎರಡರಲ್ಲಿ ಒಂದು ಅಂದರೆ ನಾನು ಟಿಸಾಸ್ ತಗೊಳ್ಳುತ್ತೇನೆ. ಸೈನ್ಯದ ಮಾದರಿ ಬೇಕು, ದುಡ್ಡು ಕಮ್ಮಿ ಇದೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

800ರಿಂದ 1,100ರ ನಡುವೆ ನಿಜವಾದ ಪೈಪೋಟಿ. ಇಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿ, ರುಗರ್, ಕೋಲ್ಟ್, ಕಿಂಬರ್, ಸಿಗ್ ಸವರ್, ಸ್ಮಿತ್ ಅಂಡ್ ವೆಸನ್ ಎಲ್ಲರೂ ಇದ್ದಾರೆ. ಸ್ಪ್ರಿಂಗ್‌ಫೀಲ್ಡ್ ಅಂದಾಗ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಇದು 1968ರಲ್ಲಿ ಮುಚ್ಚಿದ ಸರ್ಕಾರಿ ಶಸ್ತ್ರಾಗಾರ ಅಲ್ಲ. ಇಲಿನಾಯ್ ರಾಜ್ಯದ ಖಾಸಗಿ ಕಂಪನಿ, ಆ ಹೆಸರನ್ನು ಇಟ್ಟುಕೊಂಡಿದೆ ಅಷ್ಟೇ. ಪಿಸ್ತೂಲು ಮಾತ್ರ ಗಟ್ಟಿ. ರುಗರ್ ತನ್ನ ಎಸ್‌ಆರ್1911 ಅನ್ನು ಈ ಪಿಸ್ತೂಲಿನ ನೂರನೇ ವರ್ಷವಾದ 2011ರಲ್ಲಿ ತಂದಿತು. ಎರಕದ ಕೆಲಸದಲ್ಲಿ ರುಗರ್‌ನವರದು ಪಳಗಿದ ಕೈ. ಥಂಬ್ ಸೇಫ್ಟಿಗೆ ಒತ್ತು ಕೊಡುವ ಸ್ಪ್ರಿಂಗ್ ಕೂರುವ ಕೊಳವೆ ಬೇರೆಯವರಲ್ಲಿ ಪ್ರತ್ಯೇಕ ತುಂಡು, ಫ್ರೇಮಿಗೆ ಬಡಿದು ಕೂರಿಸಿರುತ್ತಾರೆ, ಒಮ್ಮೊಮ್ಮೆ ಸಡಿಲವಾಗುತ್ತದೆ. ರುಗರ್‌ನಲ್ಲಿ ಅದು ಫ್ರೇಮಿನದೇ ಭಾಗ. ಚಿಕ್ಕ ಸಂಗತಿ, ಆದರೆ ಯೋಚನೆ ಮಾಡಿ ಮಾಡಿದ್ದಾರೆ ಅಂತ ಗೊತ್ತಾಗುತ್ತದೆ.

ಕೋಲ್ಟ್ ಬಗ್ಗೆ ಏನು ಹೇಳಲಿ? ಬ್ರೌನಿಂಗ್ ಡಿಸೈನನ್ನು ಮೊದಲು ತಯಾರಿಸಿದ್ದು ಅವರೇ. 2021ರಿಂದ ಜೆಕ್ ದೇಶದ ಸಿಝಡ್ ಗುಂಪಿನ ಕೈಯಲ್ಲಿದೆ. ಮುಂದೊಂದು ದಿನ ಮಾರಿದರೆ ಕೋಲ್ಟ್‌ನ ಕುದುರೆ ಗುರುತು ಇರುವ ಪಿಸ್ತೂಲಿಗೆ ಬೆಲೆ ನಿಲ್ಲುತ್ತದೆ. ಕೋಲ್ಟೇ ಬೇಕು ಅಂತ ಮನಸ್ಸು ಹಿಡಿದಿದ್ದರೆ ಕೋಲ್ಟೇ ಕೊಳ್ಳಿ. ಬೇರೆಯದು ಕೊಂಡರೆ ಮನಸ್ಸು ಅಲ್ಲೇ ಇರುತ್ತದೆ, ಎರಡು ವರ್ಷದ ಮೇಲೆ ಹೇಗೂ ಕೊಳ್ಳುತ್ತೀರಿ.

ಸಿಗ್ ಮತ್ತು ಸ್ಮಿತ್ ಅಂಡ್ ವೆಸನ್‌ನಲ್ಲಿ ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸನ್ನು ಹಿಡಿದೆಳೆಯುವ ಕೊಕ್ಕೆ) ಸ್ಲೈಡಿನ ಹೊರಗೆ ಕಾಣುತ್ತದೆ. ಇದು ಬ್ರೌನಿಂಗ್ ಮಾಡಿದ ರೀತಿ ಅಲ್ಲ. ಅವನದು ಸ್ಲೈಡಿನ ಒಳಗೆ ಉದ್ದಕ್ಕೆ ಮಲಗುವ ಸ್ಪ್ರಿಂಗ್ ಉಕ್ಕಿನ ಒಂದೇ ಕಡ್ಡಿ. ಅದನ್ನು ಕೈಯಿಂದ ಕೂದಲೆಳೆಯಷ್ಟು ಬಗ್ಗಿಸಿ ಬಿಗಿ ಕೊಡಬೇಕು. ಜಾಸ್ತಿ ಬಿಗಿಯಾದರೆ ಗುಂಡು ಒಳಗೆ ಸೇರುವುದಿಲ್ಲ, ಸಡಿಲವಾದರೆ ಖಾಲಿ ಕೇಸು ಹೊರಗೆ ಬರುವುದಿಲ್ಲ. 1911 ಕೈಕೊಟ್ಟಿತು ಅಂತ ಕೇಳುವ ದೂರುಗಳ ದೊಡ್ಡ ಪಾಲು ಈ ಕಡ್ಡಿಯದು, ಇನ್ನೊಂದು ಪಾಲು ಮ್ಯಾಗಜಿನ್ನಿನದು. ಹೊರಗಿನ ಎಕ್ಸ್‌ಟ್ರಾಕ್ಟರ್‌ಗೆ ಸುರುಳಿ ಸ್ಪ್ರಿಂಗ್ ಇರುತ್ತದೆ, ಬಗ್ಗಿಸುವ ರಗಳೆ ಇಲ್ಲ. ಹಳೆಯ ರೂಪ ಇಷ್ಟಪಡುವವರಿಗೆ ನೋಟ ಹಿಡಿಸುವುದಿಲ್ಲ. ನನಗೂ ಹಿಡಿಸುವುದಿಲ್ಲ, ಆದರೆ ಕೆಲಸ ಚೆನ್ನಾಗಿ ಮಾಡುತ್ತದೆ ಅಂತ ಒಪ್ಪುತ್ತೇನೆ.

ಅಲ್ಲಿಂದ ಮೇಲೆ, 1,700 ದಾಟಿದರೆ ನ್ಯೂಯಾರ್ಕ್ ರಾಜ್ಯದ ನಾರ್ವಿಚ್ ಊರಿನ ಡ್ಯಾನ್ ವೆಸನ್. ಇದೂ ಸಿಝಡ್‌ನದೇ. ಒಬ್ಬ ಗೆಳೆಯನಿಗೆ ಒಂದೇ ಒಂದು 1911, ಸಾಯುವವರೆಗೆ ಇಟ್ಟುಕೊಳ್ಳುವಂಥದ್ದು ಬೇಕು ಅಂದರೆ ನಾನು ಇದನ್ನೇ ತೋರಿಸುತ್ತೇನೆ. 3,000 ಡಾಲರ್ ಆಚೆಗೆ ವಿಲ್ಸನ್ ಕಾಂಬ್ಯಾಟ್, ನೈಟ್‌ಹಾಕ್, ಎಡ್ ಬ್ರೌನ್, ಲೆಸ್ ಬೇರ್. ನೈಟ್‌ಹಾಕ್‌ನಲ್ಲಿ ಒಂದು ಪಿಸ್ತೂಲನ್ನು ಮೊದಲಿಂದ ಕೊನೆಯವರೆಗೆ ಒಬ್ಬನೇ ಕುಶಲಿ ಕೂಡಿಸುತ್ತಾನೆ. ಲೆಸ್ ಬೇರ್ ತನ್ನ ಗುರಿ ಪಿಸ್ತೂಲುಗಳಿಗೆ 50 ಗಜದಲ್ಲಿ 3 ಇಂಚಿನೊಳಗೆ ಗುಂಡು ಕೂರುವ ಖಾತ್ರಿ ಕೊಡುತ್ತಾನೆ. ಹೊಸದಾಗಿರುವಾಗ ಅದರ ಸ್ಲೈಡ್ ಎಳೆಯುವುದೇ ಒಂದು ಸಾಹಸ, ಅಷ್ಟು ಬಿಗಿ. ಇವೆಲ್ಲ ನಿಜವಾಗಿ ಒಳ್ಳೆಯವು. ಆದರೆ 15 ಗಜದಲ್ಲಿ ಇನ್ನೂ ಕೈ ನಡುಗುವವರಿಗೆ ಆ ದುಡ್ಡು ಗುಂಡಿಗೆ ಮತ್ತು ತರಬೇತಿಗೆ ಹೋದರೆ ಜಾಸ್ತಿ ಪ್ರಯೋಜನ.

ಅಂಗಡಿಯ ಕಟ್ಟೆಯ ಮೇಲೆ ಮಾಡುವ ಪರೀಕ್ಷೆ

ಒಂದೇ ಕಂಪನಿಯ ಎರಡು ಪಿಸ್ತೂಲು ಒಂದೇ ತರ ಇರುವುದಿಲ್ಲ. ಹಾಗಾಗಿ ನಿಮ್ಮ ಮನೆಗೆ ಬರುವ ಆ ಒಂದನ್ನೇ ನೋಡಬೇಕು. ಮೊದಲು ಅಂಗಡಿಯವರ ಅನುಮತಿ ಕೇಳಿ, ಖಾಲಿ ಟ್ರಿಗರ್ ಎಳೆಯಬಹುದಾ ಅಂತ. ಮೂತಿ ಸುರಕ್ಷಿತ ದಿಕ್ಕಿಗೆ ಇರಲಿ. ಮ್ಯಾಗಜಿನ್ ತೆಗೆಯಿರಿ, ಸ್ಲೈಡ್ ಪೂರ್ತಿ ಹಿಂದಕ್ಕೆ ಎಳೆದು ನಿಲ್ಲಿಸಿ, ಚೇಂಬರ್ (ಬ್ಯಾರೆಲ್ ಹಿಂಬದಿಯಲ್ಲಿ ಗುಂಡು ಕೂರುವ ಜಾಗ) ಒಳಗೆ ಕಣ್ಣಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಅಂಗಡಿಯವರು ನೋಡಿದ್ದರೂ ನೀವೂ ನೋಡಿ. ಸ್ಲೈಡನ್ನು ವಾಪಸ್ ಬಿಡುವಾಗ ಕೈಯಲ್ಲಿ ಹಿಡಿದು ನಿಧಾನಕ್ಕೆ ಬಿಡಿ. ಖಾಲಿ ಚೇಂಬರ್ ಮೇಲೆ ಧಡ್ ಅಂತ ಬಿಟ್ಟರೆ ಸಿಯರ್ ತುದಿ ಹಾಳಾಗುತ್ತದೆ, ಅಂಗಡಿಯವರ ಮುಖವೂ ಕೆಡುತ್ತದೆ.

ಈಗ ಹ್ಯಾಮರ್ ಹಿಂದಕ್ಕೆ ಎಳೆಯಿರಿ. ಥಂಬ್ ಸೇಫ್ಟಿ ಮೇಲಕ್ಕೆ ಹಾಕಿ. ಗ್ರಿಪ್ ಬಿಗಿಯಾಗಿ ಹಿಡಿದು ಟ್ರಿಗರನ್ನು ಜೋರಾಗಿ ಎಳೆದು ಬಿಡಿ. ಹ್ಯಾಮರ್ ಬೀಳಬಾರದು. ಟ್ರಿಗರ್‌ನಿಂದ ಬೆರಳು ತೆಗೆದು ಸೇಫ್ಟಿ ಕೆಳಗೆ ಮಾಡಿ, ಆಗಲೂ ಬೀಳಬಾರದು. ಇಲ್ಲಿಗೆ ನಿಲ್ಲಿಸಬೇಡಿ. ಪಿಸ್ತೂಲನ್ನು ಕಿವಿಯ ಹತ್ತಿರ ತಂದು, ಮೂತಿ ಸುರಕ್ಷಿತ ದಿಕ್ಕಿಗೇ ಇಟ್ಟು, ಹೆಬ್ಬೆರಳಿಂದ ಹ್ಯಾಮರನ್ನು ಇನ್ನೊಂಚೂರು ಹಿಂದಕ್ಕೆ ಎಳೆಯಿರಿ. "ಟಿಕ್" ಅಂತ ಸಣ್ಣ ಸದ್ದು ಬಂತಾ? ಬಂದರೆ, ನೀವು ಟ್ರಿಗರ್ ಎಳೆದಾಗ ಸಿಯರ್ ಸ್ವಲ್ಪ ಜರುಗಿ ಈಗ ಜಾಗಕ್ಕೆ ಮರಳಿತು ಅಂತ ಅರ್ಥ. ಅಂದರೆ ಸೇಫ್ಟಿ ಪೂರ್ತಿ ಕೂತಿಲ್ಲ. ಎಷ್ಟೇ ದೊಡ್ಡ ಹೆಸರಿದ್ದರೂ ಆ ಪಿಸ್ತೂಲು ಬೇಡ. ಒಮ್ಮೆ ಒಂದು ದುಬಾರಿ ಪಿಸ್ತೂಲಿನಲ್ಲಿ ಈ ಸದ್ದು ಕೇಳಿ ವಾಪಸ್ ಕೊಟ್ಟು, ಅರ್ಧ ಬೆಲೆಯದು ತಂದಿದ್ದೇನೆ. ಇವತ್ತಿಗೂ ನನ್ನ ಹತ್ತಿರ ಇದೆ.

ಮುಂದೆ ಗ್ರಿಪ್ ಸೇಫ್ಟಿ. ಹ್ಯಾಮರ್ ಎತ್ತಿ, ಅಂಗೈ ಹಿಂಭಾಗಕ್ಕೆ ತಾಗದ ಹಾಗೆ ಹಿಡಿದು ಟ್ರಿಗರ್ ಎಳೆದರೆ ಹ್ಯಾಮರ್ ಬೀಳಬಾರದು. ಆಮೇಲೆ ಸ್ಲೈಡನ್ನು ಕಾಲು ಇಂಚು ಹಿಂದಕ್ಕೆ ಹಿಡಿದು ಟ್ರಿಗರ್ ಎಳೆಯಿರಿ, ಆಗಲೂ ಬೀಳಬಾರದು. ಇದು ಡಿಸ್‌ಕನೆಕ್ಟರ್ (ಸ್ಲೈಡ್ ಪೂರ್ತಿ ಮುಚ್ಚದಿದ್ದರೆ ಟ್ರಿಗರ್ ಕೆಲಸ ಮಾಡದ ಹಾಗೆ ತಡೆಯುವ ಭಾಗ) ಪರೀಕ್ಷೆ. ಕೊನೆಗೆ ಟ್ರಿಗರ್ ಎಳೆದು ಹಿಡಿದುಕೊಂಡೇ ಸ್ಲೈಡ್ ಒಮ್ಮೆ ಹಿಂದೆ ಮುಂದೆ ಮಾಡಿ, ಟ್ರಿಗರ್ ನಿಧಾನಕ್ಕೆ ಬಿಡಿ. ಟ್ರಿಗರ್ ಕ್ಲಿಕ್ ಅಂತ ಜಾಗಕ್ಕೆ ಕೂರಬೇಕು. ಸ್ಲೈಡ್ ಮುಚ್ಚಿದಾಗ ಬ್ಯಾರೆಲ್‌ನ ಹಿಂದಿನ ಭಾಗವನ್ನು ಹೆಬ್ಬೆರಳಿಂದ ಒತ್ತಿ ನೋಡಿ, ಸ್ಪ್ರಿಂಗ್ ತರ ಕೆಳಗೆ ಹೋಗಬಾರದು. ಸ್ಲೈಡ್ ಅಲುಗಾಡಿಸಿದಾಗ ಸ್ವಲ್ಪ ಗಲಗಲ ಅಂದರೆ ಹೆದರಬೇಡಿ, ಸೈನ್ಯದ ಪಿಸ್ತೂಲುಗಳೆಲ್ಲ ಹಾಗೇ ಇದ್ದವು.

ದುಡ್ಡನ್ನು ಎಲ್ಲ ಪಿಸ್ತೂಲಿಗೇ ಸುರಿಯಬೇಡಿ

1,000 ಡಾಲರ್ ಇದೆ ಅಂದರೆ 700-750ರ ಪಿಸ್ತೂಲು ನೋಡಿ. ಉಳಿದದ್ದರಲ್ಲಿ ಕನಿಷ್ಠ ಮೂರು ಒಳ್ಳೆಯ ಮ್ಯಾಗಜಿನ್, ಕಿವಿ ಮತ್ತು ಕಣ್ಣಿಗೆ ರಕ್ಷಣೆ, ಬೀಗದ ಪೆಟ್ಟಿಗೆ, 300 ಗುಂಡು. ಮ್ಯಾಗಜಿನ್‌ಗೆ ವಿಲ್ಸನ್ ಕಾಂಬ್ಯಾಟ್ ನನ್ನ ಮೊದಲ ಆಯ್ಕೆ. ಇಟಲಿಯ ಮೆಕ್-ಗಾರ್ ಅಗ್ಗ, ಅದೂ ಚೆನ್ನಾಗಿದೆ. ಜಾತ್ರೆಯ ತರದ ಗನ್ ಶೋಗಳಲ್ಲಿ ಹೆಸರಿಲ್ಲದ ಮ್ಯಾಗಜಿನ್ ರಾಶಿ ಹಾಕಿರುತ್ತಾರೆ, ಅದಕ್ಕೆ ಕೈ ಹಾಕಬೇಡಿ.

ಮನೆಗೆ ತಂದ ಮೇಲೆ

ಬಿಚ್ಚಿ ಕಾರ್ಖಾನೆಯ ಎಣ್ಣೆ ಒರೆಸಿ, ಸ್ಲೈಡ್ ಓಡುವ ಕಂಬಿಗಳಿಗೆ ಹೊಸ ಎಣ್ಣೆ ಹಚ್ಚಿ. 1911ಕ್ಕೆ ಎಣ್ಣೆ ಸ್ವಲ್ಪ ಜಾಸ್ತಿಯೇ ಬೇಕು. ಜೋಡಿಸುವಾಗ ಸ್ಲೈಡ್ ಸ್ಟಾಪನ್ನು (ಸ್ಲೈಡನ್ನು ಹಿಂದೆ ನಿಲ್ಲಿಸುವ ಪಕ್ಕದ ತುಂಡು) ಅವಸರದಲ್ಲಿ ತಿರುಗಿಸಿದರೆ ಫ್ರೇಮ್ ಮೇಲೆ ಅರ್ಧಚಂದ್ರದ ಗೀರು ಬೀಳುತ್ತದೆ. ಅಲ್ಲಿ ಒಂದು ತುಂಡು ಟೇಪ್ ಅಂಟಿಸಿಕೊಂಡು ಮಾಡಿ.

ಮ್ಯಾಗಜಿನ್‌ಗಳ ಬುಡದಲ್ಲಿ 1, 2, 3 ಅಂತ ಬರೆಯಿರಿ. ರೇಂಜಿಗೆ ಒಂದು ಸಣ್ಣ ನೋಟ್‌ಬುಕ್ ಒಯ್ಯಿರಿ. ಮೊದಲ 200 ಗುಂಡು ಪಾಯಿಂಟ್ 45 ಆದರೆ ಸಾಮಾನ್ಯ 230 ಗ್ರೇನ್‌ನ (ಗುಂಡಿನ ತೂಕದ ಅಳತೆ) ದುಂಡು ಮೂತಿಯವೇ ಇರಲಿ. ಸಿಕ್ಕಿಹಾಕಿಕೊಂಡಾಗಲೆಲ್ಲ ಎಷ್ಟನೇ ಗುಂಡು, ಯಾವ ಮ್ಯಾಗಜಿನ್, ಏನಾಯಿತು ಬರೆಯಿರಿ. ತೊಂದರೆ ಎಲ್ಲ 2ನೇ ಮ್ಯಾಗಜಿನ್‌ನಲ್ಲೇ ಬಂದರೆ ಪಿಸ್ತೂಲಿನ ತಪ್ಪಲ್ಲ, ಆ ಮ್ಯಾಗಜಿನ್ ಬಿಸಾಡಿ. ಎಲ್ಲದರಲ್ಲೂ ಖಾಲಿ ಕೇಸು ನಿಮ್ಮ ಮುಖಕ್ಕೇ ಹಾರುತ್ತಿದ್ದರೆ, ಒಳಗೇ ಉಳಿಯುತ್ತಿದ್ದರೆ ಎಕ್ಸ್‌ಟ್ರಾಕ್ಟರ್ ಬಿಗಿ ನೋಡಿಸಿ, ನೀವೇ ಬಗ್ಗಿಸಲು ಹೋಗಬೇಡಿ. ಕೊನೆಯ ಗುಂಡಿನ ನಂತರ ಸ್ಲೈಡ್ ಹಿಂದೆ ನಿಲ್ಲದಿದ್ದರೆ ಮೊದಲು ಮ್ಯಾಗಜಿನ್ ಸ್ಪ್ರಿಂಗ್ ಅನುಮಾನಿಸಿ. ಮೊದಲ ನೂರರಲ್ಲಿ ಒಂದೆರಡು ಸಲ ತಡವರಿಸಿದರೆ ಪರವಾಗಿಲ್ಲ. ಎರಡನೇ ನೂರರಲ್ಲೂ ತೊಂದರೆ ನಿಲ್ಲದಿದ್ದರೆ ಆ ನೋಟ್‌ಬುಕ್ ಪುಟದ ಫೋಟೋ ಸಮೇತ ಕಂಪನಿಗೆ ಬರೆಯಿರಿ. ಸುಮ್ನೆ "ಕೆಲಸ ಮಾಡ್ತಿಲ್ಲ" ಅನ್ನುವ ದೂರಿಗೂ ಇದಕ್ಕೂ ಬರುವ ಉತ್ತರವೇ ಬೇರೆ. ಮನೆ ರಕ್ಷಣೆಗೆ ಅಂತ ಇಟ್ಟುಕೊಳ್ಳುವವರು, ಅದಕ್ಕೆ ಬಳಸುವ ಗುಂಡನ್ನೇ ಇನ್ನೂ ನೂರು ಹೊಡೆದು ನೋಡದೆ ನಂಬಬೇಡಿ.

ರೇಂಜಿನಿಂದ ಬಂದ ಕೂಡಲೇ ಖಾಲಿ ಮಾಡಿ, ನೋಡಿ, ಬೀಗ ಹಾಕಿ. ಟೆಕ್ಸಾಸ್‌ನಲ್ಲಿ 17 ವರ್ಷದೊಳಗಿನ ಮಗುವಿನ ಕೈಗೆ ಲೋಡ್ ಆದ ಬಂದೂಕು ಸಿಗುವ ಹಾಗೆ ಬಿಟ್ಟು, ಅದು ಮಗುವಿಗೆ ಸಿಕ್ಕಿದರೆ ಅಪರಾಧ. ಕಾನೂನು ಇಲ್ಲದಿದ್ದರೂ ಮಕ್ಕಳಿರುವ ಮನೆಯಲ್ಲಿ ಇದಕ್ಕೆ ಎರಡು ಮಾತಿಲ್ಲ. ಬೀರುವಿನ ಮೇಲೆ, ಬಟ್ಟೆ ಅಡಿಯಲ್ಲಿ ಬಚ್ಚಿಡುವುದು ಬಚ್ಚಿಟ್ಟ ಹಾಗೆ ಅಲ್ಲ, ಮಕ್ಕಳಿಗೆ ಅವೆಲ್ಲ ಗೊತ್ತಿರುತ್ತದೆ. ಪೆಟ್ಟಿಗೆಯ ಕೀಲಿ ನಿಮ್ಮ ಹತ್ತಿರವೇ ಇರಲಿ. ವೀಸಾದಲ್ಲಿರುವ ನೆಂಟರು ಮನೆಗೆ ಬಂದಾಗಲಂತೂ ಕಡ್ಡಾಯವಾಗಿ.

ಇನ್ನೊಂದು, ಆಯುಧಪೂಜೆ ದಿನ ಪಿಸ್ತೂಲಿಗೂ ಅರಿಶಿನ ಕುಂಕುಮ ಇಡುವ ಮನೆಗಳಿವೆ, ನಮ್ಮದೂ ಒಂದು. ಖಾಲಿ ಮಾಡಿ, ನೋಡಿ, ಆಮೇಲೆ ಪೂಜೆಗೆ ಇಡಿ. ಒದ್ದೆ ಕುಂಕುಮವನ್ನು ನೇರ ಉಕ್ಕಿಗೆ ಹಚ್ಚದೆ ಮರದ ಹಿಡಿಯ ಮೇಲೆ ಒಣಗಿದ್ದನ್ನು ಒಂದು ಚಿಟಿಕೆ ಇಟ್ಟರೆ ಸಾಕು. ಅದೇ ಸಂಜೆ ಒರೆಸಿ ಎಣ್ಣೆ ಹಚ್ಚಿ. ನೀಲಿ ಬಣ್ಣ ಏರಿಸಿದ ಉಕ್ಕಿಗೆ ಒಂದು ರಾತ್ರಿ ಒದ್ದೆ ತಾಗಿದರೂ ಬೆಳಿಗ್ಗೆ ಸಣ್ಣ ಕೆಂಪು ಚುಕ್ಕೆ ಕಾಣಿಸುತ್ತದೆ.